ಲೆಫ್ಟ್ ಬ್ಯಾಕ್, ಕಂಬದ ಪಕ್ಕ

ಕೊಂಡ್ಲಹಳ್ಳಿಯ ನಮ್ಮ ಸೋದರಮಾವನ ಮನೆಯ ನಡುಮನೆಯಲ್ಲಿ, ಸುಣ್ಣದ ಗೋಡೆಯ ಮೇಲೆ, ಸಾಲಾಗಿ ಎಣ್ಣೆಯ ಕಲೆಗಳಿದ್ದವು. ಒಬ್ಬೊಬ್ಬರ ತಲೆಗೆ ಒಂದೊಂದು. ಉಂಡು ಕೈ ತೊಳೆದ ಮೇಲೆ ಮತ್ತೆ ಬಂದು ಅದೇ ಜಾಗದಲ್ಲಿ ಕೂತು, ಗೋಡೆಗೆ ಒರಗಿ ಒಂದಿಷ್ಟು ಹೊತ್ತು ಮಾತಾಡುವುದು ಆ ಮನೆಯ ರೂಢಿ. ಯುಗಾದಿಗೆ ಸುಣ್ಣ ಬಳಿದರೆ ಕಲೆಗಳೆಲ್ಲ ಮಾಯ. ಒಂದು ತಿಂಗಳು ಕಳೆಯಲಿ, ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ಮತ್ತೆ ಹಾಜರ್. ದೇವರ ಮನೆಯ ಬಾಗಿಲಿಗೆ ಹತ್ತಿರದ್ದು ಅಜ್ಜಿಯದು. ಅದರ ಪಕ್ಕ ಮಾವನದು, ಅದರ ಪಕ್ಕ ಮಾವನ ಮಗಳು ರತ್ನಳದು. ಆಮೇಲೆ ಒಂದಿಷ್ಟು ಖಾಲಿ ಗೋಡೆ, ಆಮೇಲೆ ಮರದ ಕಂಬ. ಅತ್ತೆಯ ಜಾಗ ಇವರೆಲ್ಲರ ಎದುರಿಗೆ, ಅಡುಗೆಮನೆಯ ಹೊಸ್ತಿಲ ಬಳಿ. ಅಲ್ಲಿ ಕೂತರೆ ಮುದ್ದೆಯ ಪಾತ್ರೆ ಬಲಗೈಗೆ, ಸಾರಿನ ಪಾತ್ರೆ ಎಡಗೈಗೆ ಸಿಗುತ್ತಿತ್ತು. ತಾನೂ ಉಣ್ಣುತ್ತ, ಎಲ್ಲರ ತಟ್ಟೆಯ ಮೇಲೂ ಕಣ್ಣಿಟ್ಟಿರುತ್ತಿದ್ದಳು. ಸಂಜೆ ದೀಪ ಹಚ್ಚಿದ ಕೂಡಲೇ ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣಬೇಕು, ಗಂಡಸರು ಮೊದಲು ಹೆಂಗಸರು ಆಮೇಲೆ ಎನ್ನುವುದು ತನ್ನ ಮನೆಯಲ್ಲಿ ನಡೆಯುವುದಿಲ್ಲ ಎಂದು ಅಜ್ಜಿ ಕಟ್ಟಳೆ ಮಾಡಿದ್ದಳು. ಅಜ್ಜಿ ರಾಯದುರ್ಗದ ಕಡೆಯವಳು. ಪ್ರೀತಿ ಬಂದರೂ ಸಿಟ್ಟು ಬಂದರೂ ಅವಳ ಬಾಯಲ್ಲಿ ತೆಲುಗೇ ಬರುತ್ತಿತ್ತು, ಎರಡರಲ್ಲಿ ಯಾವುದೆಂದು ನಾವೇ ಮುಖ ನೋಡಿ ತಿಳಿದುಕೊಳ್ಳಬೇಕಿತ್ತು.

ಅಪ್ಪ ಇನ್ನೊಂದು ಮದುವೆ ಮಾಡಿಕೊಂಡ ಮೇಲೆ ಅವ್ವ ಒಂದು ಟ್ರಂಕು ಮತ್ತು ನನ್ನನ್ನು ಹಿಡಿದುಕೊಂಡು ತವರಿಗೆ ಬಂದಳು. ಆಗ ನನಗೆ ಏಳು ವರ್ಷ. ಬಂದ ದಿನ ಸಂಜೆ ಎಲ್ಲರೂ ತಟ್ಟೆ ಹಿಡಿದು ತಂತಮ್ಮ ಕಲೆಯ ಕೆಳಗೆ ಕೂತರು. ನಾನು ನಡುಮನೆಯ ಮಧ್ಯೆ ತಟ್ಟೆ ಹಿಡಿದು ನಿಂತೇ ಇದ್ದೆ. ಎಲ್ಲಿ ಕೂರಲಿ ಎಂದು ಅವ್ವನನ್ನು ಕೇಳಿದೆ. ಅವಳು ನನ್ನ ಕಡೆ ನೋಡದೆ ಹೇಳಿದಳು:

"ಎಲ್ಲಿ ಜಾಗ ಐತೆ ಅಲ್ಲಿ ಕುಂತ್ಕ."

ಜಾಗ ಇದ್ದದ್ದು ರತ್ನಳಿಗೂ ಕಂಬಕ್ಕೂ ನಡುವೆ. ಹೋಗಿ ಕಂಬಕ್ಕೆ ಅಂಟಿಕೊಂಡು ಕೂತೆ. ನನಗೂ ರತ್ನಳಿಗೂ ಮಧ್ಯೆ ಇನ್ನೊಬ್ಬರು ಕೂರುವಷ್ಟು ಅಂತರ ಉಳಿಯಿತು. ರತ್ನ ನನ್ನ ವಯಸ್ಸಿನವಳೇ, ಆದರೂ ಅವಳು ನನ್ನ ಕಡೆ ಸರಿಯಲಿಲ್ಲ. ನಾನೂ ಸರಿಯಲಿಲ್ಲ. ನನ್ನ ಮೈ ಸೋಕುವುದು ಅವಳಿಗೆ ಇಷ್ಟವಿಲ್ಲ, ಅದಕ್ಕೇ ದೂರ ಕೂತಿದ್ದಾಳೆ ಎಂದುಕೊಂಡೆ. ಏಳು ವರ್ಷದವಳಿಗೆ ಅಷ್ಟು ಹುಳುಕು ಬುದ್ಧಿ ಎಲ್ಲಿಂದ ಬಂತೋ ಕಾಣೆ. ಅವಳೊಂದಿಗೆ ಹಗಲೆಲ್ಲ ಆಡಿ, ಒಂದೇ ಕಂಬಳಿಯಲ್ಲಿ ಮಲಗಿ, ಊಟದ ಹೊತ್ತಿಗೆ ಮಾತ್ರ ಆ ಅಂತರವನ್ನು ಕಣ್ಣಲ್ಲೇ ಅಳೆಯುತ್ತಿದ್ದೆ. ಅವ್ವನಂತೂ ಕೂರುತ್ತಲೇ ಇರಲಿಲ್ಲ. ಮಾವ ನೀರು ಎನ್ನುವ ಮೊದಲೇ ಚೆಂಬು ತರುವಳು, ಅಜ್ಜಿ ಉಪ್ಪು ಎನ್ನುವ ಮೊದಲೇ ಉಪ್ಪು ತರುವಳು. ಎಲ್ಲರೂ ಎದ್ದ ಮೇಲೆ ಒಲೆಯ ಮುಂದೆ ಬೆನ್ನು ಹಾಕಿ ಕೂತು, ತಳದಲ್ಲಿ ಉಳಿದದ್ದನ್ನು ಬಳಿದು ಉಣ್ಣುತ್ತಿದ್ದಳು. ಆ ಮನೆಯ ಗೋಡೆಯಲ್ಲಿ ಅವಳದೊಂದು ಕಲೆ ಮೂಡಲೇ ಇಲ್ಲ.

ನಾವು ಎಂಟನೇ ಕ್ಲಾಸಿಗೆ ಬಂದ ವರ್ಷ ಚಳ್ಳಕೆರೆಯಿಂದ ಬಷೀರ್ ಸಾರ್ ಎಂಬ ಡ್ರಿಲ್ ಮೇಷ್ಟ್ರು ಬಂದರು. ಬರುವಾಗ ಗೋಣಿಚೀಲದಲ್ಲಿ ನಾಲ್ಕು ಹಾಕಿ ಸ್ಟಿಕ್ಕುಗಳನ್ನೂ ಒಂದು ಚೆಂಡನ್ನೂ ತಂದಿದ್ದರು. ಖೋಖೋ, ಕಬಡ್ಡಿ ಬಿಟ್ಟರೆ ಬೇರೆ ಆಟವಿದೆ ಎಂದು ನಮಗೆ ಗೊತ್ತಿರಲಿಲ್ಲ. ಹಾಕಿಗೆ ಹನ್ನೊಂದು ಜನ ಬೇಕಂತೆ. ಹುಡುಗಿಯರನ್ನು ಆಟಕ್ಕೆ ಬಿಡಿ ಎಂದು ಸಾರ್ ಮನೆಮನೆಗೆ ಹೋಗಿ ಕೇಳಿಕೊಂಡರೂ ಸಿಕ್ಕಿದ್ದು ಆರೇ ಜನ. ಇರಲಿ, ಆರು ಜನರದೇ ಟೀಮು ಎಂದರು. ಗೋಲು ಕಾಯಲು ಒಬ್ಬಳು, ಅವಳ ಮುಂದೆ ಇಬ್ಬರು ಬ್ಯಾಕು, ಅವರ ಮುಂದೆ ಎಡಕ್ಕೆ, ನಡುವೆ, ಬಲಕ್ಕೆ ಒಬ್ಬೊಬ್ಬರಂತೆ ಮೂವರು ಫಾರ್ವರ್ಡು. ಇಷ್ಟು ವರ್ಷಗಳ ಮೇಲೆ, ಮೊನ್ನೆ ಮೊನ್ನೆ ಟೀವಿಯಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿಯನ್ನು ತೋರಿಸುತ್ತಿದ್ದರು. ಅಲ್ಲಿಯೂ ಆರೇ ಜನ, ನಿಲ್ಲುವುದೂ ಹೀಗೆಯೇ. ಮೈತುಂಬ ದಪ್ಪ ದಪ್ಪ ಬಟ್ಟೆ ಕಟ್ಟಿಕೊಂಡು ಜಾರುತ್ತಿದ್ದ ಆ ಜನರನ್ನು ನೋಡಿ, ಜಾಲಿ ಮುಳ್ಳಿನ ಬಯಲಿನಲ್ಲಿ ಬರಿಗಾಲಲ್ಲಿ ಆಡಿದ ನನಗೆ, ಇವರೆಲ್ಲ ನಮ್ಮ ಕೊಂಡ್ಲಹಳ್ಳಿ ಟೀಮಿನವರೇ ಅನಿಸಿ ಕಣ್ಣು ತುಂಬಿತು. ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ, ನಾನೂ ವಿವರಿಸಲು ಹೋಗಲಿಲ್ಲ.

ಸ್ಟಿಕ್ಕು ನಾಲ್ಕೇ ಇದ್ದದ್ದರಿಂದ ಮಿಕ್ಕ ಇಬ್ಬರಿಗೆ ಮಾವ ಡೊಂಕಾದ ಜಾಲಿ ಕೊಂಬೆ ಕಡಿದು ಕೆತ್ತಿಕೊಟ್ಟ. ಅದರಲ್ಲೊಂದು ನನ್ನ ಪಾಲಿಗೆ ಬಂತು. ಮೊದಲ ದಿನ ಸಾರ್ ಒಬ್ಬೊಬ್ಬರನ್ನೇ ಭುಜ ಹಿಡಿದು ಕರೆದುಕೊಂಡು ಹೋಗಿ ನಿಲ್ಲಿಸಿದರು. ರತ್ನ ರೈಟ್ ಬ್ಯಾಕ್. ನನ್ನನ್ನು ಅವಳ ಎಡಕ್ಕೆ ನಿಲ್ಲಿಸಿ ಹೇಳಿದರು:

"ಇದು ನಿನ್ನ ಜಾಗ. ಲೆಫ್ಟ್ ಬ್ಯಾಕ್. ಬಿಟ್ಟು ಹೋಗಬಾರದು, ಸಮಝೇ?"

ನಿನ್ನ ಜಾಗ ಎಂದು ಒಬ್ಬರು ನನಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆ ಸಂಭ್ರಮಕ್ಕೆ ಏನು ಮಾಡಿದೆ ಗೊತ್ತೇ? ಕೋಲಿನ ತುದಿಯಿಂದ ನನ್ನ ಸುತ್ತ ನೆಲದ ಮೇಲೆ ಕುಂಟೆಬಿಲ್ಲೆಯ ಮನೆಯಂತೆ ಚೌಕ ಗೀರಿ, ಅದರೊಳಗೆ ಎರಡು ಕಾಲನ್ನೂ ಊರಿ ನಿಂತುಬಿಟ್ಟೆ. ಎದುರು ಟೀಮು ಇಲ್ಲದ್ದರಿಂದ ಸಾರೇ ಎದುರಿನಿಂದ ಚೆಂಡು ಒದ್ದು ಬಿಟ್ಟರು, ಆಟ ಶುರುವಾಯಿತು. ಮಿಕ್ಕವರೆಲ್ಲ ಚೆಂಡು ಹೋದಲ್ಲಿಗೆ ಹಿಂಡುಹಿಂಡಾಗಿ ಓಡುತ್ತಿದ್ದರು, ಗೋಲು ಕಾಯುವವಳು ಸಹಿತ. ನಾನು ಮಾತ್ರ ಅಲ್ಲಾಡಲಿಲ್ಲ. ಚೆಂಡು ನನ್ನಿಂದ ಎರಡು ಮಾರು ದೂರದಲ್ಲಿ ಆರಾಮಾಗಿ ಉರುಳಿಕೊಂಡು ಹೋಗಿ ಗೋಲು ಸೇರಿತು. ನಾನು ಅದನ್ನು ಮರ್ಯಾದೆಯಿಂದ ನೋಡಿ ಕಳಿಸಿಕೊಟ್ಟೆ. ಬಷೀರ್ ಸಾರ್ ತಲೆಯ ಮೇಲೆ ಕೈಹೊತ್ತು ಓಡಿ ಬಂದರು.

"ಅರೇ, ಯಾಕಮ್ಮ ಬಿಟ್ಟೆ?"

"ಅದು ನನ್ ಜಾಗ ಅಲ್ಲ ಸಾರ್."

ಸಾರ್ ಚೌಕವನ್ನು ನೋಡಿದರು, ನನ್ನನ್ನು ನೋಡಿದರು. ಬೈಯಲೋ ನಗಲೋ ತಿಳಿಯದೆ ಚಪ್ಪಲಿಯಿಂದ ಗೆರೆಗಳನ್ನು ಅಳಿಸಿದರು. ಜಾಗ ಅಂದರೆ ನೆಲ ಅಲ್ಲ ಬೇಟಾ ಎಂದರು. ಮತ್ತೆ ಏನು ಎಂದು ಕೇಳಿದರೆ ಅದನ್ನು ಹೇಳಲು ಅವರಿಗೂ ಬರಲಿಲ್ಲ. ಮರುದಿನ ನಾನು ಕದ್ದು ಸಣ್ಣದೊಂದು ಚೌಕ ಗೀರಿದೆ. ಅದನ್ನೂ ಅಳಿಸಿದರು. ಹೀಗೆ ಗೀರುವುದು ಅಳಿಸುವುದು ಒಂದು ವಾರ ನಡೆಯಿತು.

ಅದನ್ನು ಬಿಡಿಸಿ ಹೇಳಿದವನು ಮಾವ, ಅದೂ ಕುರಿ ಮೇಯಿಸುವಾಗ. ಭಾನುವಾರ ನಾನೂ ರತ್ನಳೂ ಮಾವನ ಜೊತೆ ಕುರಿ ಹೊಡೆದುಕೊಂಡು ಕಾವಲಿನ ಹುಲ್ಲುಗಾವಲಿಗೆ ಹೋಗುತ್ತಿದ್ದೆವು. ಬಂಡಿದಾರಿಯ ಎರಡೂ ಕಡೆ ಬೇರೆಯವರ ಶೇಂಗಾ ಹೊಲ. ಮಾವ ಮುಂದೆ, ಹಿಂಡಿನ ಎಡಕ್ಕೆ ನಾನು, ಬಲಕ್ಕೆ ರತ್ನ. ಒಂದು ದಿನ ರತ್ನಳ ಕಡೆಯಿಂದ ಒಂದು ಕುರಿ ಹೊಲಕ್ಕೆ ನುಗ್ಗಿತು. ಅವಳು ಅದರ ಹಿಂದೆ ಓಡಿದಳು. ಅವಳು ನಿಂತಿದ್ದ ಕಡೆಯಿಂದ ಇನ್ನೂ ಹತ್ತು ಕುರಿ ನುಗ್ಗಿದವು. ನಾನು ನನ್ನ ಎಡಪಕ್ಕದಲ್ಲಿ ಬಹಳ ನಿಷ್ಠೆಯಿಂದ ನಡೆಯುತ್ತಲೇ ಇದ್ದೆ. ಕುರಿಗಳನ್ನು ಹೊರಗೆಳೆದು, ಹೊಲದವನ ಹತ್ತಿರ ಬೈಸಿಕೊಂಡು ಬಂದ ಮಾವ ನನ್ನನ್ನು ಕರೆದ. ಹೊಡೆಯುತ್ತಾನೆ ಎಂದುಕೊಂಡೆ.

"ರತ್ನಿ ಹೋಗಿದ್ದು ನೋಡ್ಲಿಲ್ಲೇನಲೇ ಮಂಜಿ?"

"ನೋಡ್ದೆ ಮಾವ. ಅದು ಅವಳ ಕಡೆ."

"ಅವಳು ಹೋದ್ಲು ಅಂದ್ರೆ ಅವಳ ಜಾಗ ಖಾಲಿ ಆತು. ಖಾಲಿ ಜಾಗ ಕುರಿ ಕಣ್ಣಿಗೆ ಮೊದ್ಲು ಬೀಳ್ತತೆ. ನೀನು ಕುರಿಗಿಂತ ಮುಂಚೆ ನೋಡ್ಬೇಕು. ನೋಡಿ ಅರ್ಧ ಸರೀಬೇಕು. ಪೂರ್ತಿ ಹೋಗ್ಬ್ಯಾಡ, ನಿನ್ ಕಡೆನೂ ಖಾಲಿ ಆಗ್ತತೆ. ಅವಳು ವಾಪಸ್ ಬಂದಳಾ, ನೀನು ನಿನ್ ಕಡೆ ಬಾ. ಅಷ್ಟೇಯ."

ಅಷ್ಟೇ. ಅಂದಿನಿಂದ ನಾನು ಚೌಕ ಗೀರುವುದನ್ನು ಬಿಟ್ಟೆ. ಹಿಂಡು ಎಷ್ಟೇ ದೂರ ಹೋಗಲಿ, ಎಡಪಕ್ಕ ಎನ್ನುವುದು ಅದರ ಜೊತೆಯೇ ನಡೆಯುತ್ತದೆ. ಬಯಲಿನಲ್ಲಿ ಚೆಂಡನ್ನು ನೋಡುವುದಕ್ಕಿಂತ ಹೆಚ್ಚು ರತ್ನಳನ್ನು ನೋಡತೊಡಗಿದೆ. ಅವಳು ಒಂದು ಹೆಜ್ಜೆ ಮುಂದೆ ಹೋದರೆ ನಾನು ಅರ್ಧ ಬಲಕ್ಕೆ. ಅವಳು ಹಿಂದೆ ಬಂದರೆ ನಾನು ನನ್ನ ಕಡೆಗೆ. ಬಷೀರ್ ಸಾರ್ ಇವಳಿಗೆ ಇದ್ದಕ್ಕಿದ್ದಂತೆ ಬುದ್ಧಿ ಎಲ್ಲಿಂದ ಬಂತು ಎಂದು ಬೆರಗಾದರು. ಕುರಿಯಿಂದ ಎಂದು ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ.

ಇತ್ತ ಮನೆಯಲ್ಲಿ ಅವ್ವನಿಗೂ ಅತ್ತೆಗೂ ನಡುವೆ ಬಿರುಕು ಬಿಟ್ಟಿತ್ತು. ಅವ್ವ ಕೋಳಿ ಕೂಗುವ ಮೊದಲೇ ಎದ್ದು ಕಸ ಹೊಡೆದು, ನೀರು ತಂದು, ಒಲೆ ಹಚ್ಚುತ್ತಿದ್ದಳು. ಅತ್ತೆ ಎದ್ದು ಬರುವ ಹೊತ್ತಿಗೆ ರೊಟ್ಟಿಯೂ ಆಗಿರುತ್ತಿತ್ತು. ಅತ್ತೆ ಬಟ್ಟೆ ತೊಳೆಯಲು ಕೂತರೆ ಅವ್ವ ಓಡಿ ಬಂದು ಕೈಯಿಂದ ಕಿತ್ತುಕೊಳ್ಳುತ್ತಿದ್ದಳು. ಶೇಂಗಾ ಸುಲಿಯಲು ಮೊರ ಹಿಡಿದರೆ ಮೊರವನ್ನೇ ಎಳೆದುಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಅತ್ತೆ ಹಿಟ್ಟಿನ ಡಬ್ಬಿ ಹಿಡಿದು ಅಡುಗೆಮನೆಗೆ ಬಂದವಳು, ಆಗಲೇ ಉರಿಯುತ್ತಿದ್ದ ಒಲೆ ನೋಡಿ ಡಬ್ಬಿಯನ್ನು ಧಡ್ ಎಂದು ಕೆಳಗಿಟ್ಟಳು.

"ಪಾರ್ವತಿ, ನೀರು ನೀನೇ ತರ್ತೀಯಾ, ಒಲೆ ನೀನೇ ಹಚ್ತೀಯಾ, ಕಸ ನೀನೇ ಹೊಡೀತೀಯಾ. ಈ ಮನ್ಯಾಗೆ ನಾನೆಲ್ಲಿ ನಿಂತ್ಕಳ್ಳಿ ಹೇಳು?"

"ಉಂಡಿದ್ದಕ್ಕೆ ಕೆಲ್ಸ ಮಾಡ್ಬಾರ್ದೇನ್ರಿ ಅತ್ತಿಗೆ?"

"ನಿನ್ ಊಟಾನ ಯಾರು ಅಳೆದ್ರು ಇಲ್ಲಿ?"

ಅವ್ವ ಒಲೆಗೆ ಇನ್ನೊಂದು ಸೌದೆ ತುರುಕಿದಳು. ಮಾವ ಕುರಿಹಟ್ಟಿಯ ಕಡೆ ಜಾರಿಕೊಂಡ. ಹೆಂಗಸರ ಜಗಳದಲ್ಲಿ ಅವನು ನಿಲ್ಲುವ ಜಾಗ ಅದೇ. ಅತ್ತೆಗೆ ನಾವು ಬೇಡವಾಗಿದ್ದೇವೆ ಎಂದು ಅವ್ವ ತಿಳಿದುಕೊಂಡಳು. ನಾನೂ ಹಾಗೆಯೇ ತಿಳಿದುಕೊಂಡೆ. ಚಳ್ಳಕೆರೆಯ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರಲ್ಲಿ ಅಡುಗೆಗೆ ಜನ ಬೇಕು, ಇರಲು ಒಂದು ರೂಮೂ ಕೊಡುತ್ತಾರೆ ಎಂದು ಅವ್ವ ಯಾರಿಂದಲೋ ಕೇಳಿ ತಿಳಿದುಕೊಂಡಿದ್ದು ಗೊತ್ತಾದಾಗ ನನಗೆ ಅಳು ಬಂತು. ಆ ಮನೆ ಬಿಟ್ಟು ಹೋಗುವುದು ನನಗೆ ಬೇಕಿರಲಿಲ್ಲ. ಕಂಬದ ಪಕ್ಕದ ಗೋಡೆಯ ಮೇಲೆ ನನ್ನ ತಲೆಯದೂ ಒಂದು ಕಲೆ ಮೂಡಿತ್ತು. ಬಯಲಿನಲ್ಲಿ ಲೆಫ್ಟ್ ಬ್ಯಾಕ್ ನಾನೇ ಆಗಿದ್ದೆ. ಎರಡನ್ನೂ ಬಿಟ್ಟು ಎಲ್ಲಿಗೆ ಹೋಗುವುದು?

ಅಷ್ಟರಲ್ಲಿ ಚಳ್ಳಕೆರೆಯ ಒಂದು ಶಾಲೆಯ ಹುಡುಗಿಯರ ಜೊತೆ ಆರಾರು ಜನರ ಪಂದ್ಯ ಗೊತ್ತಾಯಿತು. ಲಂಗ ಹಾಕಿಕೊಂಡು ಆಡಬೇಡಿ ಎಂದು ಸಾರ್ ಹೇಳಿದ್ದರು. ಅತ್ತೆ ಮಾವನ ಹಳೆಯ ಪಂಚೆ ಕತ್ತರಿಸಿ ನನಗೂ ರತ್ನಳಿಗೂ ಒಂದೇ ಅಳತೆಯ ಪೈಜಾಮ ಹೊಲಿದಳು. ನನ್ನದನ್ನು ಎರಡು ಸಲ ತೊಡಿಸಿ ನೋಡಿ ಮಂಡಿಯ ಹತ್ತಿರ ಇನ್ನೊಂದು ಪದರ ಬಟ್ಟೆ ಕೊಟ್ಟಳು. ಬಿದ್ದರೆ ತರಚಬಾರದಂತೆ. ಅತ್ತೆಗೆ ನಾವು ಬೇಡ ಎಂದು ನಂಬಿಕೊಂಡ ಹುಡುಗಿಗೆ ಆ ಎರಡನೇ ಪದರ ಕಾಣಲಿಲ್ಲ ನೋಡಿ. ಅವ್ವ ನಮ್ಮ ಜೊತೆ ಅದೇ ಬಸ್ಸಿಗೆ ಬಂದಳು, ಹಾಸ್ಟೆಲಿನವರನ್ನು ನೋಡಿಕೊಂಡು ಆಮೇಲೆ ಬಯಲಿಗೆ ಬಂದು ಬೇವಿನ ಮರದ ಕೆಳಗೆ ನಿಂತಳು.

ನಾವು ಒಂದು ಗೋಲಿನಿಂದ ಸೋತೆವು. ಆ ಗೋಲು ಬಿದ್ದದ್ದು ರತ್ನಳ ಕಡೆಯಿಂದಲೂ ಅಲ್ಲ, ನನ್ನ ಕಡೆಯಿಂದಲೂ ಅಲ್ಲ. ನಮ್ಮ ಗೋಲು ಕಾಯುವ ಹುಡುಗಿ ಸೀನುವಾಗ ಅದು ಒಳಗೆ ಹೋಯಿತು. ನಾನು ಇಡೀ ಆಟದಲ್ಲಿ ಚೆಂಡನ್ನು ಮುಟ್ಟಿದ್ದು ನಾಲ್ಕು ಸಲವೂ ಇರಲಿಕ್ಕಿಲ್ಲ. ಆದರೂ ಬಷೀರ್ ಸಾರ್ ಮೊದಲು ಬಂದು ಶಾಬಾಶ್ ಎಂದು ಬೆನ್ನು ತಟ್ಟಿದ್ದು ನನ್ನದೇ. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವ್ವ ನನ್ನನ್ನು ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಗೆ ಕರೆದುಕೊಂಡು ಹೋಗಿ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದಳು.

"ಎಲ್ರೂ ಓಡಿ ಓಡಿ ಆಡ್ತಿದ್ರು. ನೀನೊಬ್ಳು ಅತ್ಲಾಗೆ ಇತ್ಲಾಗೆ ಸರೀತಿದ್ದೆ. ಕಾಲು ನೋವಿತ್ತೇನೆ?"

ನಾನು ಪೇಪರಿನ ಮೇಲೆ ಆರು ಶೇಂಗಾ ಬೀಜ ಜೋಡಿಸಿ, ಇದು ನಾನು, ಇದು ರತ್ನ, ಇವರು ಫಾರ್ವರ್ಡು ಎಂದು ಅವ್ವನಿಗೆ ಪಾಠ ಶುರು ಮಾಡಿದೆ. ಮೆಣಸಿನಕಾಯಿಯನ್ನು ಗೋಲು ಎಂದು ಅಡ್ಡ ಇಟ್ಟೆ. ರತ್ನ ಹೋದರೆ ನಾನು ಅರ್ಧ ಸರಿಯಬೇಕು, ಬಂದರೆ ಬಿಟ್ಟುಕೊಡಬೇಕು, ಅವಳ ಚೆಂಡನ್ನು ನಾನು ಕಿತ್ತುಕೊಳ್ಳಬಾರದು. ಅವ್ವ ಓದುವ ಮಕ್ಕಳಂತೆ ಕಣ್ಣು ಬಿಟ್ಟು ನೋಡುತ್ತಿದ್ದಳು.

"ಹಂಗಾರೆ, ಒಬ್ಳೇ ಎಲ್ಲಾ ಕಡೆನೂ ಓಡಿ ಆಡಿದ್ರೆ?"

"ಅಂಥೋಳಿಂದ ಎಲ್ರಿಗೂ ತೊಂದ್ರೆ ಅವ್ವ. ಪಕ್ಕದೋಳಿಗೆ ಆಡಕ್ಕೇ ಆಗಲ್ಲ. ಸಾರ್ ಅಂಥೋರ್ನ ಹೊರಗೆ ಕೂರಿಸ್ತಾರೆ."

ಅವ್ವ ಬಾಯಿಗೆ ಇಡಲು ಹೊರಟಿದ್ದ ಮಂಡಕ್ಕಿಯನ್ನು ಮತ್ತೆ ಪೇಪರಿನ ಮೇಲೆ ಹಾಕಿದಳು. ಬರುವ ಸೋಮವಾರದಿಂದ ಹಾಸ್ಟೆಲಿನ ಕೆಲಸಕ್ಕೆ ಬಾ ಎಂದಿದ್ದಾರೆ, ಬರ್ತೀನಿ ಅಂತ ನಾಳೆ ಹೇಳಿ ಕಳಿಸ್ತೀನಿ ಎಂದಳು. ಅಲ್ಲಿಯವರೆಗೂ ಅವಳು ಒಪ್ಪಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ನಾನು ಹೇಳಿದ್ದು ಹಾಕಿಯ ಬಗ್ಗೆ, ಅವ್ವ, ನಿನ್ನ ಬಗ್ಗೆ ಅಲ್ಲ ಎಂದು ಕೂಗಿ ಹೇಳಬೇಕಿತ್ತು. ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಹೊರಟ ದಿನ ಅಜ್ಜಿ ದೇವರ ಮನೆಯಿಂದ ಹೊರಗೆ ಬರಲಿಲ್ಲ. ಅತ್ತೆ ಹುರಿದ ಶೇಂಗಾ ಗಂಟನ್ನೂ, ಒಗೆದು ಮಡಿಸಿದ ನನ್ನ ಪೈಜಾಮವನ್ನೂ ಟ್ರಂಕಿನ ಮೇಲೆ ಇಟ್ಟು ಇಷ್ಟೇ ಹೇಳಿದಳು:

"ಅಲ್ಲೂ ಎಲ್ಲಾನೂ ನೀನೇ ಮಾಡಕ್ಕೆ ಹೋಗ್ಬ್ಯಾಡ ಪಾರ್ವತಿ."

ಹೋಗುವಾಗಲೂ ಚುಚ್ಚಿದಳು ಎಂದು ಅವ್ವ ಬಸ್ಸಿನಲ್ಲಿ ಅತ್ತಳು.

ಹಾಸ್ಟೆಲಿನಲ್ಲಿ ನಮಗೆ ಕೊಟ್ಟಿದ್ದು ಉಗ್ರಾಣದ ಪಕ್ಕದ ರೂಮು. ನೂರು ಜನ ಹುಡುಗಿಯರು ಉಂಡೆದ್ದ ಮೇಲೆ ನಾನೂ ಅವ್ವನೂ ಉದ್ದನೆಯ ಹಾಲಿನಲ್ಲಿ ಕೂರುತ್ತಿದ್ದೆವು. ಎಲ್ಲಿ ಬೇಕಾದರೂ ಕೂರಬಹುದಿತ್ತು, ಅಷ್ಟು ಜಾಗ. ನನಗೆ ಅನ್ನ ಇಳಿಯುತ್ತಿರಲಿಲ್ಲ. ನನ್ನನ್ನು ಸೇರಿಸಿದ ಶಾಲೆ ಬೇರೆ, ಅಲ್ಲಿ ಹಾಕಿ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಮ್ಮೂರ ಕಡೆಗೆ ಹೋಗುವ ಮೊಳಕಾಲ್ಮೂರಿನ ಬಸ್ಸು ನಿಂತಿದ್ದರೆ ಸುಮ್ಮನೆ ಹೋಗಿ ಅದರ ಬೋರ್ಡು ಓದಿ ಬರುತ್ತಿದ್ದೆ. ಕುರಿಹಟ್ಟಿಯ ವಾಸನೆ, ಅಜ್ಜಿಯ ತೆಲುಗು ಬೈಗುಳ, ರತ್ನಳ ಕಾಲು ನನ್ನ ಕಾಲಿಗೆ ತಾಗುತ್ತಿದ್ದ ಆ ಒರಟು ಕಂಬಳಿ, ಎಲ್ಲವೂ ಬೇಕು ಅನಿಸುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕಂಬ ಬೇಕಿತ್ತು. ಕಲಿತ ವಿದ್ಯೆಯೇನೋ ಜೊತೆಗೆ ಬಂದಿತ್ತು. ಆದರೆ ಅರ್ಧ ಸರಿಯಬೇಕಾದರೆ ಪಕ್ಕದಲ್ಲಿ ಯಾರಾದರೂ ಇರಬೇಕಲ್ಲ.

ಎರಡು ವರ್ಷ ನಾವು ಆ ಕಡೆ ತಲೆ ಹಾಕಲಿಲ್ಲ. ಮೂರನೇ ವರ್ಷ ಮಾವನೇ ಬಂದ. ಅಜ್ಜಿಗೆ ಹುಷಾರಿಲ್ಲ, ನಿಮ್ಮಿಬ್ಬರನ್ನು ನೋಡಬೇಕಂತೆ ಎಂದ. ಹೋಗಿ ನೋಡಿದರೆ ಅಜ್ಜಿ ಗಟ್ಟಿಮುಟ್ಟಾಗಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು. ಸುಳ್ಳು ಹೇಳಿ ಕರೆಸಿದ್ದೇ ಎಂದು ಮಾವನ ಮುಖ ನೋಡಿದರೆ ಅವನು ಮಾಮೂಲಿನಂತೆ ಕುರಿಹಟ್ಟಿಗೆ ಜಾರಿಕೊಂಡ. ದೀಪ ಹಚ್ಚಿದ ಮೇಲೆ ಎಲ್ಲರೂ ಊಟಕ್ಕೆ ಕೂತರು. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು, ಅದರ ಮೇಲೆ ಮೂರೇ ಕಲೆ ಮೂಡಿದ್ದವು. ನಾನು ಮೊದಲು ನೋಡಿದ್ದು ರತ್ನಳದನ್ನು. ನಾವು ಹೋಗಿ ಅಷ್ಟು ದಿನವಾದರೂ ಅದು ಕಂಬದ ಕಡೆ ಒಂದು ಬೆರಳೂ ಸರಿದಿರಲಿಲ್ಲ. ನಾನು ಹೋಗಿ ಕಂಬಕ್ಕೆ ಅಂಟಿಕೊಂಡು ಕೂತೆ. ಅವ್ವ ಅಭ್ಯಾಸಬಲದಿಂದ ನೀರಿನ ಚೆಂಬು ಎತ್ತಿಕೊಂಡಳು. ಅತ್ತೆ ಎದ್ದು ಬಂದು ಅವಳ ಕೈಯಿಂದ ಚೆಂಬನ್ನು ಇಸಿದುಕೊಂಡಳು.

"ಬಡಿಸೋದು ನಂದು. ನೀನು ಹೋಗಿ ನಿನ್ ಜಾಗದಾಗೆ ಕುಂತ್ಕ."

"ನಂದ್ಯಾವ ಜಾಗ ಅತ್ತಿಗೆ?"

"ರತ್ನಿಗೂ ಮಂಜಿಗೂ ನಡುವೆ ಐತಲ್ಲ. ನೀವು ಬಂದ ದಿನಾನೇ ರತ್ನಿನ ಅತ್ಲಾಗೆ ಸರಿಸಿ, ಅಲ್ಲಿಂದ ಅಲ್ಲಾಡ್ಬ್ಯಾಡ ಅಂತ ಹೇಳಿದ್ದೆ. ಆರು ವರ್ಷ ನೋಡ್ದೆ, ನೀನು ಒಂದಿನಾನೂ ಕುಂತ್ಕಳ್ಳಿಲ್ಲ. ನಾನಾದ್ರೂ ಎಷ್ಟಂತ ಹೇಳ್ಲಿ, ಹೇಳಕ್ಕೆ ನಿನ್ನ ಕೈ ಖಾಲಿ ಇದ್ರೆ ತಾನೆ?"

ನಾನು ಪಕ್ಕದ ಖಾಲಿ ನೆಲವನ್ನೇ ನೋಡಿದೆ. ನನ್ನನ್ನು ದೂರ ಇಟ್ಟಿದ್ದಾರೆ ಎಂದು ನಾನು ಆರು ವರ್ಷ ಅಳತೆ ಮಾಡಿ ನೋಯುತ್ತಿದ್ದ ಆ ಅಂತರವನ್ನು, ಪಾಪ, ರತ್ನ ದಿನಾ ಸಂಜೆ ಅವ್ವನಿಗಾಗಿ ಕಾಯುತ್ತಿದ್ದಳು. ಅಜ್ಜಿ ತಟ್ಟೆಯಿಂದ ತಲೆ ಎತ್ತದೆ ಗದರಿದಳು:

"ಕೂರ್ಚೋವೇ ಪಾರ್ವತಿ, ಮುದ್ದೆ ಆರ್ತತೆ."

ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು ನಿಧಾನಕ್ಕೆ ಬಂದು ನಮ್ಮಿಬ್ಬರ ನಡುವೆ ಕೂತಳು. ಖಾಲಿ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡಳು. ಅತ್ತೆ ಬಂದು ಅವಳ ತಟ್ಟೆಗೆ ಮುದ್ದೆ ಇಟ್ಟು ಸಾರು ಬಿಟ್ಟಳು. ಅವ್ವನಿಗೆ ಇಕ್ಕಟ್ಟಾದೀತೆಂದು ನಾನು ಕಂಬದ ಕಡೆ ಸ್ವಲ್ಪ ಸರಿದೆ. ಸರಿಯುವ ಅಗತ್ಯವೇ ಇರಲಿಲ್ಲ.